ಚೀಲದ ತೂಕ

ಪಾಲಿಬೆಟ್ಟದಿಂದ ಮೂರು ಮೈಲಿ ಒಳಗೆ, ಮೇಲಿನ ಲೈನಿನಲ್ಲಿ
ಹದಿನಾಲ್ಕು ಬಾಗಿಲು. ನಾಲ್ಕನೆಯದು ನಾನು ಹುಟ್ಟಿದ್ದು.
ನನ್ನ ಪುಸ್ತಕದಲ್ಲಿ ಐವತ್ತೊಂಬತ್ತು ಜನ.
ಅದು ನವೆಂಬರಿನ ಲೆಕ್ಕ. ಜನವರಿಯಲ್ಲಿ ಹೋದರೆ
ಒಂಬತ್ತನೇ ಬಾಗಿಲಲ್ಲಿ ಬೊಳಕ ಇಲ್ಲ;
ಅಸ್ಸಾಮಿನ ರೊಫಿಕುಲ್, ಹೆಂಡತಿ ಜೊಬೇದಾ,
ಒಂದು ಮೊಬೈಲು, ಆರು ತಟ್ಟೆ,
ಕನ್ನಡ ಒಂದಕ್ಷರ ಇಲ್ಲ.
ಬೊಳಕ ಎಲ್ಲಿ? ‘ತಿತಿಮತಿ ಕಡೆ’ ಅನ್ನುತ್ತಾರೆ,
ಕೈ ಮಾತ್ರ ಕುಟ್ಟದ ಕಡೆ ತೋರಿಸುತ್ತಾರೆ.
ನಾನು ಪೆನ್ಸಿಲಿನಲ್ಲಿ ಬರೆಯುತ್ತೇನೆ.
ಪೆನ್ನಿನಲ್ಲೇ ಬರಿ ಅಂತಾರೆ ಮೇಡಂ.
ಮೇಡಂ ಲೈನಿಗೆ ಬಂದವರಲ್ಲ.

ಹಗಲು ಇಲ್ಲಿ ಯಾರೂ ಮನೆಯಲ್ಲಿ ಸಿಗುವುದಿಲ್ಲ.
ಕಬ್ಬಿಣದ ಮಾತ್ರೆ, ಕಫದ ಡಬ್ಬಿ ಹೊತ್ತು
ಗಿಡದ ಬುಡಕ್ಕೇ ಹೋಗಬೇಕು.
ಜೂನಿನಲ್ಲಿ ಕಳೆ ಕೊಚ್ಚುವಾಗ, ಕತ್ತಿಗಳ ಸದ್ದಿನ ನಡುವೆ
ಮುಟ್ಟು ನಿಂತಿದೆಯಾ ಅಂತ ಕೂಗಿ ಕೇಳಿದೆ.
ಕರ್ಪಿ ಆ ಸಾಲಿನಿಂದ ಕೂಗಿದಳು:
‘ನಿಂತಿದೆ. ಕಿರುಚಬೇಡ, ಮೆಣಸಿನ ಬಳ್ಳಿಗೂ ಕೇಳಿತು.’

ರಕ್ತ ಎಂಟು. ಬರೆದೆ.
ಬೀಡಿ ಇಲ್ಲ, ಎಲೆಅಡಿಕೆ ಇದೆ. ಬರೆದೆ.
ಗಂಡನ ಹೆಸರು ಕೇಳಿದರೆ ನಕ್ಕಳು. ಜಾಗ ಬಿಟ್ಟೆ.
ಕೊಯ್ಲು ಶುರುವಾದ ಮೇಲೆ ಎಷ್ಟು ಹೇಳಿದರೂ ಕೇಳಲಿಲ್ಲ;
ಹೊಟ್ಟೆಯ ಮೇಲೇ ಬುಟ್ಟಿ ಆನಿಸಿಕೊಂಡು
ಕಾಪಿ ಕಿತ್ತಳು, ಕಿಲೋ ಲೆಕ್ಕದಲ್ಲಿ.

ಹೆರಿಗೆ ಆದದ್ದು ಜೀಪಿನಲ್ಲಿ.
ಹಲಸಿನ ಮರದ ತಿರುವಿನಲ್ಲಿ ಆನೆ ನಿಂತಿತ್ತು,
ಎರಡು ದೊಡ್ಡದು, ಒಂದು ಮರಿ.
ಉಸ್ಮಾನಿಚ್ಚ ಲೈಟು ಆರಿಸಿ
ಗಾಜಿಗೆ ಮುಖ ಹಚ್ಚಿ ಕೂತ, ಒಮ್ಮೆಯೂ ತಿರುಗಲಿಲ್ಲ.
ಕರ್ಪಿ ಸೊಲ್ಲೆತ್ತಲಿಲ್ಲ. ನನ್ನ ಮಣಿಕಟ್ಟಿನಲ್ಲಿ
ಅವಳ ನಾಲ್ಕು ಉಗುರು ಈಗಲೂ ಇವೆ.
ಆನೆ ಹೋಗುವ ಮೊದಲೇ ಮಗು ಬಂತು.
ಹೆಣ್ಣು.
ಅವು ದಾರಿ ಬಿಡಲಿಲ್ಲ. ನಾವೇ ರಿವರ್ಸಿನಲ್ಲಿ ವಾಪಸು ಬಂದೆವು.

ಹುಟ್ಟಿದ್ದಕ್ಕೆ ಮೊದಲು ತೂಕ ಬೇಕು, ಕಾರ್ಡಿನಲ್ಲಿ ಮೇಲಿನ ಸಾಲೇ ಅದು.
ನನ್ನ ತಕ್ಕಡಿಯ ಸ್ಪ್ರಿಂಗು ದಸರೆಗೆ ಮುರಿದದ್ದು,
ಅರ್ಜಿ ಮಡಿಕೇರಿಯಲ್ಲಿದೆ.
ಬೆಳಿಗ್ಗೆ ಕಣಕ್ಕೆ ಹೋದೆವು. ಕಾಪಿ ತೂಗುವ ಕೊಕ್ಕೆಗೆ
ನನ್ನ ಶಾಲು ಕಟ್ಟಿ ಮಗುವನ್ನು ಇಳಿಬಿಟ್ಟೆವು.
ಕೆಂಪು ಅಂಕಿ ನಡುಗಿ ನಡುಗಿ ನಿಂತಿತು:
ಎರಡು ಕಿಲೋ ಮುನ್ನೂರು.
ರೈಟರ್ ಕುಶಾಲಪ್ಪಣ್ಣನದು ಇಪ್ಪತ್ತೆರಡು ವರ್ಷದ ಬಾಯಿ;
ತಾನಾಗಿ ಹೇಳಿಬಿಟ್ಟಿತು:
‘ಚೀಲದ್ದು ಒಂದು ಕಿಲೋ ಹೋಗಿ, ಒಂದು ಮುನ್ನೂರು.’

ಸಾಲಿನಲ್ಲಿ ನಿಂತವರು ನಕ್ಕರು. ಅವನೂ ನಕ್ಕ.
ಕರ್ಪಿ ಗೋಡೆ ಹಿಡಿದು ನಿಂತಿದ್ದಳು.
‘ಕಳೆಯಬೇಡ’ ಅಂದಳು.
‘ತಮಾಷೆ ಮಾರಾಯ್ತಿ, ಇದೆಂತ ಕಾಪಿಯಾ?’
‘ಬರೀ ಶಾಲು ತೂಗು.’
ತೂಗಿದ. ನೂರೈವತ್ತು ಗ್ರಾಂ.
ಹಾಗಾದರೆ ಮಗು ಎರಡು ಕಿಲೋ ನೂರೈವತ್ತು.
ಕಡಿಮೆ. ಕೆಂಪು ಶಾಯಿಯಲ್ಲಿ ಬರೆದು
ಆಸ್ಪತ್ರೆಗೆ ಅಂತ ಎರಡು ಗೆರೆ ಎಳೆದೆ.

ನಾನು ಶಾಲು ಮಡಿಸುತ್ತಿದ್ದೆ. ಅಷ್ಟರಲ್ಲಿ
ಜೊಬೇದಾ ಸಾಲು ಬಿಟ್ಟು ಬಂದು, ಗೊಬ್ಬರದ ಖಾಲಿ ಚೀಲವನ್ನು
ಎರಡು ಸಲ ಕೊಡವಿ
ಕೊಕ್ಕೆಗೆ ಸಿಕ್ಕಿಸಿದಳು.
ನೂರಿಪ್ಪತ್ತು ಗ್ರಾಂ.

ಯಾರೂ ಏನೂ ಹೇಳಲಿಲ್ಲ.
ಕಣದಲ್ಲಿ ಹರಡಿದ ಹಣ್ಣಿನ ಹುಳಿ ವಾಸನೆ.
ಕುಶಾಲಪ್ಪಣ್ಣ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ,
ಮತ್ತೆ ತೆಗೆದ.
ಹತ್ತು ಗಂಟೆಗೆ ಆಂಬುಲೆನ್ಸ್ ಬಂತು,
ಕರ್ಪಿ, ಮಗು, ನಾನು ಅಮ್ಮತ್ತಿಗೆ ಹೋದೆವು.
ಅಲ್ಲಿನ ತಕ್ಕಡಿಯಲ್ಲೂ ಅದೇ ತೂಕ, ಹತ್ತು ಗ್ರಾಂ ಆಚೀಚೆ.

ಆಮೇಲಿನದು ಕೇಳಿ ಗೊತ್ತು. ಶನಿವಾರದ ಬಟವಾಡೆಗೆ
ಸಾಹುಕಾರರೇ ಬಂದಿದ್ದರಂತೆ. ಮಾತಾಯಿತಂತೆ.
ತೇವಾಂಶ, ಮಣ್ಣು, ಎಲೆ, ಎಲ್ಲ ಸೇರಿ
ಚೀಲಕ್ಕೆ ಇನ್ನು ಅರ್ಧ ಕಿಲೋ ಮಾತ್ರ ಕಳೆಯುವುದು ಅಂತ ತೀರ್ಮಾನ.
ಸರಿ, ಸರಿ, ಅಂತ ಎಲ್ಲರೂ ಎದ್ದರಂತೆ,
ಭಾನುವಾರ ಸಿದ್ದಾಪುರ ಸಂತೆ, ದುಡ್ಡು ಬೇಕಲ್ಲ.
ಉಳಿದ ಮುನ್ನೂರ ಎಂಬತ್ತು ಗ್ರಾಂ ಯಾರದು
ಅಂತ ಕೇಳಿದವಳು ಜೊಬೇದಾ ಒಬ್ಬಳೇ,
ಕನ್ನಡದಲ್ಲಿ.