ಸೋರಿದರ ಕೆಂಪು ಸೋರಲಿ

ದ್ಯಾವಪ್ಪ ಗೌಂಡಿ ಕೂಲಿ ಎಣಿಸಿಕೊಂಡು ಹೇಳಿದ:
"ಗೇಣು ದಪ್ಪ ಸವಳಮಣ್ಣು ಬಡದೀನಿ ತಂಗಿ,
ಆನಿ ಕುಣದರೂ ಹನಿ ಇಳಿಯೂದಿಲ್ಲ."
ಆನಿ ಮಾತಲ್ಲ ಮಾಮಾ, ಮಳಿ ಮಾತು.
ಆನಿ ಒಮ್ಮೆ ಕುಣದು ಹೋಗತೈತಿ,
ಮಳಿ ಕುಂತು ಬಿಡತೈತಿ.

ಕುಣಿಮಗ್ಗದಾಗ ಹಾಸು ಐತಿ,
ಹನ್ನೆರಡು ಖಣದ್ದು, ನೇಯ್ದದ್ದು ಇನ್ನೂ ನಾಕ.
ಹ್ವಾದ ವರ್ಸ ಮಿರಗದ ಮಳಿಗೆ
ಒಂದ ಹನಿ, ಬರೇ ಒಂದು,
ರಾತ್ರಿಯೆಲ್ಲಾ ಅದ ಜಾಗಾಕ್ಕ ಬಿದ್ದು ಬಿದ್ದು
ರೇಷ್ಮಿಗೆ ಮಾಸಲು ಉಂಗುರ ತೊಡಿಸಿತ್ತು.
ಸಾವಕಾರ ಆ ಉಂಗುರದಾಗ ಬಟ್ಟಿಟ್ಟು ನೋಡಿ
ಅರ್ಧ ಕೂಲಿ ಕೊಟ್ಟ.

ಅದಕ್ಕ ಈ ಸಲ ಮಳಿಗೆ ಕಾಯಲಿಲ್ಲ.
ರೋಹಿಣಿ ಒಣಗೇ ಹೊಂಟಿತ್ತು,
ಗುಳೇದಗುಡ್ಡದ ಗುಡ್ಡ ಕಾದು ಹಂಚಾಗಿತ್ತು.
ನಳ ಎಂಟು ದಿನಕ್ಕೊಮ್ಮೆ;
ಕುಡಿಯೂ ನೀರು ಮಾಳಗಿಗೆ ಸುರದರ
ಅತ್ತಿ ನನ್ನ ಅಲ್ಲಿಂದಲೇ ದಬ್ಬತಾಳ.
ಬಣ್ಣದ ಹಂಡೆದಾಗ ಇತ್ತು ಕೆಂಪುನೀರು, ನಾಕ ಕೊಡ,
ನೂಲು ಕುಡದು ಬಿಟ್ಟ ಎಂಜಲ.
ಇದ ಛಲೋ ಅಂದೆ.
ಸಾದಾ ನೀರು ಕಳ್ಳ, ಬಂದು ಒಣಗಿ ಹೋಗತೈತಿ.
ಇದು ಹೆಜ್ಜಿ ಬಿಟ್ಟು ಬರಬೇಕು.

ಮಗ್ಗಕ್ಕ ತಾಡಪತ್ರಿ ಹೊಚ್ಚಿ,
ಅವರನ್ನ ಕುಣಿಯಾಗ ಕುಂದ್ರಿಸಿ, ಕೈಯಾಗ ಬ್ಯಾಟ್ರಿ ಕೊಟ್ಟು
ನಿಚ್ಚಣಿಕಿ ಏರಿದೆ.
ಬೆಳಕಿಂಡಿ ಸುತ್ತ ಒಂದು ಕೊಡ.
ನಡುಗ್ವಾಡಿ ಸಂದಿಗೊಂದು.
"ಏನರ ಬಂತೇನು?"
"ಮಣ್ಣು ಬಂತು, ಕಣ್ಣಾಗ."
"ನೀರು?"
"ನೀರಿಲ್ಲ."
ಉಳಿದ ಎರಡು ನಡುವ, ನಿಧಾನ,
ಮುದುಕರ ತಲಿಗೆ ಹಾಕಿದಂಗ.
ಹೊಸಮಣ್ಣು ಚಪ್ಪರಿಸಿ ಕುಡೀತು.

ಕೆಳಗಿಳದು ಇಬ್ಬರೂ
ಅಂಗಾತ ಮಲಗಿ ಜಂತಿ ನೋಡಿದ್ವಿ.
ಮದಿವ್ಯಾಗಿ ಹದಿನಾರು ವರ್ಸಕ್ಕ
ಇಷ್ಟ ಹೊತ್ತು ಇಬ್ಬರೂ ಒಂದ ಕಡೆ ನೋಡಿದ್ದು ಇದ ಮೊದಲು.
ಜಂತಿ ಹದಿಮೂರು ಅಂದೆ.
ಹದಿನಾಕು ಅಂದರು.
ಹಲ್ಲಿಯೊಂದು ಹರದಾಡಿತು;
ಅದರ ಹೊಟ್ಟಿ ಕೆಂಪಾಗಿಲ್ಲ, ಅದನ್ನೂ ನೋಡಿದೆ.
ತಾಸಾತು. "ಗೆದ್ದಿವಿ" ಅಂದರು ಅವರು.
ನಾ ಅನಲಿಲ್ಲ.

ಆಗ ಗ್ವಾಡಿ ಆಚಿಂದ
ಮಾಲನಬಿ ಲಟ್ಟಣಿಗಿಲೆ ಬಡದಳು:
"ಏ ಸಾವಂತ್ರಿ, ಮ್ಯಾಲೆ ಏನ ಕೊಯ್ದೀರೇ?
ನಮ್ಮ ಗ್ವಾಡಿಗೆ ರಕ್ತ ಇಳ್ಯಾಕ ಹತ್ತೈತಿ!"

ಓಡಿದೆ. ಹೌದು.
ಹಿಟ್ಟಿನ ಡಬ್ಬಿ ಮ್ಯಾಲೆ, ಅಕ್ಕಿ ಚೀಲದ ಹಿಂದ,
ಐದು ಕೆಂಪು ಬೆರಳು ಊರಿ ಇಳದಿತ್ತು,
ಐದೂ ನನ್ನವ.
ನಡುಗ್ವಾಡಿ ಒಂದು, ಮಾಳಗಿ ಎರಡು;
ನಮ್ಮ ಹೊಸಮಣ್ಣು ಎತ್ತರಾಗಿ
ಅವರ ಹಳೇದರ ಮ್ಯಾಲೆ ನೀರು ದಬ್ಬಿತ್ತು.
ನಮ್ಮದು ಸೋರೂದಿಲ್ಲ.
ಎಷ್ಟು ಛಲೋ ಸೋರೂದಿಲ್ಲ ಅಂದರ
ಇಡೀ ಮಳಿ ಆಕಿ ಮನಿಗೇ.

ಬಾಯಿಗೆ ಬಂತು, ಅಂದುಬಿಟ್ಟೆ:
"ಹನ್ನೆರಡು ಬುಟ್ಟಿ ಸವಳ ಉಳದಾವ, ಮಾಲನಬಿ."
ಉಳದಿದ್ದವು ಏಳ.
"ಮದಲ ಚಾ ಕುಡಿ," ಅಂದಳು.
ಗ್ವಾಡಿ ತಿಕ್ಕಾಕ ಹೋದರ ಕೈ ಹಿಡದಳು:
ಮೊಮ್ಮಗಳು ಆಗಲೇ ಇದ್ದಲಿ ತಗೊಂಡು
ಆ ಬೆರಳಿಗೆ ಉಗುರು ಬರ್ಯಾಕ ಹತ್ತಿತ್ತು.

ಮುಂಜಾನಿ ದ್ಯಾವಪ್ಪ ಬಂದು
ನಡುಗ್ವಾಡಿ ಮ್ಯಾಲೆ ಕುಂತು ತಲಿ ಕೆರಕೊಂಡ.
ಆನಿ ಸುದ್ದಿ ತಗೀಲಿಲ್ಲ.
ಪಡುವಣಕ್ಕ ಒಂದ ಮಾಡ ನಿಂತಿತ್ತು,
ಹೂಂ ಅಂದಿಲ್ಲ, ಊಹೂಂ ಅಂದಿಲ್ಲ.
ಐದು ಬುಟ್ಟಿ ಎಲ್ಲಿಂದ ತರಲಿ, ಅದು ಬ್ಯಾರೆ ಮಾತು.
ನೀಲಿ ಬಣ್ಣ ಹಾಕೂದು ಗುರುವಾರ.
ಅಷ್ಟರಾಗ ಮಣ್ಣು ಒಣಗಿದರ
ಎರಡೂ ಮಾಳಗಿಗೆ ನೀಲಿ.