ಮೈ ಎಂಬ ಪ್ರಶ್ನೆ

ಲಂಪಾಂಗಿನ ರೈಲು ಗೇಟಿನ ಹಿಂದೆ ಎರಡು ಕೋಣೆಯ ಮಾಲೀಸು ಮನೆ.
ಹುಂಜದ ಚಿತ್ರದ ಬಟ್ಟಲಿಗೆ ಬಣ್ಣ ತುಂಬುವುದ ಕಲಿಯಹೋಗಿ
ಮೂರೇ ವಾರಕ್ಕೆ ಹೆಗಲು ಕಲ್ಲಾಗಿತ್ತು ನನಗೆ.
ಬಾಗಿಲಲ್ಲಿ ಬೋಗುಣಿ, ನಿಂಬೆಸಿಪ್ಪೆ ತೇಲುವ ಬಿಸಿನೀರು.
ವಿಲಾವನ್ ಮೊದಲು ನನ್ನ ಪಾದ ತೊಳೆದಳು,
ಆಮೇಲೆ ತನ್ನ ಕೈ.

ಒಂದು ಹಾಳೆ ಕೊಟ್ಟಳು. ಅದರಲ್ಲಿ ಮನುಷ್ಯಾಕೃತಿ,
ಮುಂದಿನಿಂದೊಂದು, ಹಿಂದಿನಿಂದೊಂದು.
ಮುಖವಿಲ್ಲ, ಬಟ್ಟೆಯಿಲ್ಲ, ನಾಚಿಕೆಯಿಲ್ಲ.
'ನೋವಿದ್ದಲ್ಲಿ ಸುತ್ತು ಹಾಕಿ.
ಮುಟ್ಟಬಾರದಲ್ಲಿ ಕತ್ತರಿ ಗುರುತು.'
ಸುತ್ತು ಸಲೀಸು: ಎಡ ಹೆಗಲು, ಸೊಂಟ.
ಕತ್ತರಿಯ ಹೊತ್ತಿಗೆ ಪೆನ್ನು ತಡವರಿಸಿತು.
ಐವತ್ತೆರಡು ವರ್ಷ, ಯಾರೂ ಕೇಳಿರಲಿಲ್ಲ ಇದನ್ನು,
ಅಕ್ಕರೆಯಿಂದ ಮುಟ್ಟಿದವರೂ.

ಹೆಬ್ಬೆರಳು ಬೆನ್ನುಹುರಿಯ ಪಕ್ಕದಲ್ಲಿ ಇಳಿಯಿತು.
'ಜೆಪ್ ಮೈ?'
ನೋವೇ, ಎಂದು.
ಅವರ ಮಾತಿನಲ್ಲಿ ಮೈ ಅಂದರೆ ಪ್ರಶ್ನೆ,
ದನಿಯ ಬಾಲ ಮೇಲೆತ್ತಿದರೆ.
ಅದನ್ನೇ ಮೇಲಿಂದ ಕೆಳಗಿಳಿಸಿದರೆ
ಮೈ ಅಂದರೆ ಇಲ್ಲ. ಬೇಡ.
ಏರಿಳಿತ ಒಗ್ಗದ ನನ್ನ ನಾಲಿಗೆಗೆ
ಎರಡೂ ಬರೀ ಮೈ,
ಚಿಕ್ಕಂದಿನಲ್ಲಿ ಮೈಗಳ್ಳಿ ಎಂದು ಬೈಸಿಕೊಂಡದ್ದು,
ಬಗ್ಗಿಸಿ ದುಡಿದದ್ದು, ಎಲ್ಲೋ ಮರೆತು ಬಂದದ್ದು.

'ಪರವಾಗಿಲ್ಲ' ಎಂದೆ.
ಒತ್ತಡ ಕೂಡಲೇ ಸಡಿಲಿತು.
ನಕ್ಕು ಹೇಳಿದಳು: ಅವಳ ಗುರು, ಮುದುಕಿ ಬುನ್‌ಸೀ, ಹೇಳುತ್ತಿದ್ದಳಂತೆ,
ಪರವಾಗಿಲ್ಲ ಎಂದವರ ಬಾಯಿ ನಂಬಬೇಡ ಮಗಳೇ,
ಕಾಲ್ಬೆರಳು ನೋಡು. ಮಡಚಿದ್ದರೆ ಸುಳ್ಳು.

ಪರದೆಯ ಆಚೆ ಇನ್ನೊಂದು ಚಾಪೆ.
ಗಂಡಸೊಬ್ಬ ಏನೋ ಕೇಳಿದ, ನಗುನಗುತ್ತ.
ಉತ್ತರವಿಲ್ಲ. ಮತ್ತೆ ಕೇಳಿದ, ಹಣದ ಲೆಕ್ಕದಲ್ಲಿ.
ಆಗ ಕಮ್ಲಾಯ್, ಇಪ್ಪತ್ತೂ ತುಂಬದ ಹುಡುಗಿ,
ಅಂಗಡಿ ಮುಚ್ಚುವವರ ದನಿಯಲ್ಲಿ ಹೇಳಿದಳು:
'ಇವತ್ತಿಗೆ ಮುಗಿಯಿತು. ನಿಮ್ಮ ಅಂಗಿ ಕೊಕ್ಕೆಯಲ್ಲಿದೆ.'

ನನ್ನ ಮೀನಖಂಡದ ಮೇಲೆ ವಿಲಾವನಳ ಕೈ ನಿಂತಿತು.
'ಒಂದು ನಿಮಿಷ' ಎಂದು ಹೊದಿಕೆ ಸರಿಪಡಿಸಿ
ಎದ್ದುಹೋಗಿ ಪರದೆಯ ಬಳಿ ನಿಂತಳು.
ಬೈಯಲಿಲ್ಲ. ನಿಂತಳು, ಅಷ್ಟೆ.
ಬಕಲಿನ ಸದ್ದು. ಚಪ್ಪಲಿಯ ಸದ್ದು. ಬಾಗಿಲ ಗಂಟೆ.
ಆಮೇಲೆ ಬಹಳ ಹೊತ್ತು ನಲ್ಲಿಯ ನೀರು.

ಬಂದು ಮಂಡಿಯೂರಿ ಕೂತವಳು ಮುಟ್ಟಲಿಲ್ಲ.
'ಮುಂದುವರಿಸಲೇ?' ಎಂದಳು.
ಆಗಲೇ ಹೂಂ ಅಂದಿದ್ದೆನಲ್ಲ, ಎಂದುಕೊಂಡೆ.
ಆ ಹೂಂ ಅವಳು ಎದ್ದಾಗಲೇ ತೀರಿತ್ತೇನೋ,
ಎಣ್ಣೆಯ ಹಾಗೆ ಮತ್ತೆ ಬಿಸಿಮಾಡಬೇಕಿತ್ತೇನೋ.
ಹೂಂ ಅಂದೆ.

ಎಡ ಹೆಗಲಲ್ಲಿ ಏನೋ ಕಳಚಿ ಕಣ್ಣು ತುಂಬಿದಾಗ
ಯಾಕೆಂದು ಕೇಳಲಿಲ್ಲ. ತಲೆ ಸವರಲಿಲ್ಲ.
ಕಾಗದದ ಕರವಸ್ತ್ರ ನನ್ನ ಕೈಗೆ ಎಟಕುವಷ್ಟು
ತಳ್ಳಿ, ಕೆಲಸ ನಿಧಾನಿಸಿದಳು.
ಕೊನೆಗೆ ತಲೆ. 'ಖೋ ಥೋಟ್' ಎಂದು ಕೈಮುಗಿದಳು,
ಹಿರಿಯರ ತಲೆ ಮುಟ್ಟುವುದಕ್ಕೆ ಕ್ಷಮೆ ಬೇಡುತ್ತ.

ಶುಂಠಿ ಚಹಾ ಕುಡಿಯುತ್ತ ನಾನೇ ಸಡಿಲಾದೆ.
ಮಗಳ ವಿಷಯ, ಬಿಟ್ಟುಹೋದವನ ವಿಷಯ,
ಈ ಊರಲ್ಲಿ ಮಾತಿಗೆ ಯಾರೂ ಇಲ್ಲದ್ದು.
ನಿನ್ನ ಸ್ವಂತ ನಂಬರು ಕೊಡು ವಿಲಾವನ್,
ಭಾನುವಾರ ಊಟಕ್ಕೆ ಬಾ, ಸಾರು ಮಾಡುತ್ತೇನೆ,
ಎನ್ನುತ್ತ ಅವಳ ಮಣಿಕಟ್ಟು ಹಿಡಿದಿದ್ದೆ.
ಕೇಳದೆ.

ಅವಳು ಕೊಸರಲಿಲ್ಲ. ಇನ್ನೊಂದು ಕೈಯಿಂದ
ಅಂಗಡಿಯ ಕಾರ್ಡು ತೆಗೆದು ಮುಂದಿಟ್ಟಳು. ಅದನ್ನೆತ್ತಿಕೊಳ್ಳಲು
ನಾನು ಮಣಿಕಟ್ಟು ಬಿಡಲೇಬೇಕಾಯಿತು.
'ಇಲ್ಲಿ ಬರುವವರ ಮನೆಗೆ ನಾನು ಹೋಗುವುದಿಲ್ಲ.
ಗುರುವಾರ ನಾಲ್ಕಕ್ಕೆ ಬಿಡುವಿದೆ, ಬರೆದುಕೊಳ್ಳಲೇ?'
ಮುಖದಲ್ಲಿ ಅದೇ ನಗು, ಒಂದೆಳೆಯೂ ಕಮ್ಮಿಯಿಲ್ಲ.

ನನಗೆ ಕಿವಿ ಬಿಸಿಯಾಯಿತು.
ಪರದೆಯಾಚೆಯವನೂ ನಗುತ್ತಲೇ ಕೇಳಿದ್ದ.
ನಾನು ಅವನಲ್ಲ. ಆದರೂ.

'ಪರವಾಗಿಲ್ಲ, ಪರವಾಗಿಲ್ಲ' ಎಂದೆ, ಎರಡು ಸಲ.
ವಿಲಾವನ್ ಏನೂ ಅನ್ನಲಿಲ್ಲ.
ಕತ್ತು ತುಸು ಬಗ್ಗಿಸಿ
ನನ್ನ ಚಪ್ಪಲಿಯ ಕಡೆ ನೋಡಿದಳು.