ಮೂವತ್ತೊಂದನೆಯ ಪ್ರಶ್ನೆ

ಬಿತೋಮ್ ಪಟ್ಟಣದ ಅಡಿಯಲ್ಲಿ ಗಣಿಯ ಪೊಳ್ಳು.
ಮನೆಗಳು ವರ್ಷಕ್ಕಿಷ್ಟಿಷ್ಟೇ ಕುಸಿಯುತ್ತವೆ,
ಅವಸರವೇನೂ ಇಲ್ಲದೆ.
ಬಿರುಕುಬಿಟ್ಟ ಗೋಡೆಗೆ ಅಡ್ಡಲಾಗಿ
ಗಾಜಿನದೊಂದು ಪಟ್ಟಿ ಅಂಟಿಸಿ, ತಾರೀಖು ಗೀಚಿ
ಹೋಗುತ್ತಾರೆ ಗಣಿ ಕಚೇರಿಯವರು.
ಗಾಜು ಸೀಳಿದರೆ ಗೋಡೆ ಸರಿದಿದೆ ಎಂದರ್ಥ.
ಗಾಜಿಗೆ ಬೇಕಾದ ಗುಣ ಒಂದೇ,
ತಾನು ಹಿಗ್ಗಬಾರದು.

ನನ್ನ ಕಸುಬೂ ಅದೇ: ಪ್ರಶ್ನೆ ಅಂಟಿಸುವುದು.
ಐವತ್ತು ದಾಟಿದ ಎರಡು ಸಾವಿರ ಮಂದಿಗೆ
ನಾಲ್ಕು ವರ್ಷಕ್ಕೊಮ್ಮೆ
ಅದೇ ಪ್ರಶ್ನೆ, ಅದೇ ಪದ,
ಅದೇ ಅಲ್ಪವಿರಾಮ.

ಆರನೆಯ ಸುತ್ತಿನ ಕರಡು ತಿದ್ದುವ ದಿನ
ಬೊಗ್ನಾ, ಹೊಸಬಳು, ಪೆನ್ಸಿಲ್ ಕಚ್ಚುವವಳು,
ಮೂವತ್ತೊಂದಕ್ಕೆ ಗೀಟು ಎಳೆದಳು:
‘ಕಲ್ಲಿದ್ದಲು ತುಂಬಿದ ಬಕೆಟ್ ಹೊತ್ತು
ನೆಲಮಾಳಿಗೆಯಿಂದ ಎರಡು ಮಹಡಿ ಹತ್ತಬಲ್ಲಿರಾ?
ಸುಲಭವಾಗಿ. ಕಷ್ಟಪಟ್ಟು. ಆಗುವುದಿಲ್ಲ.’
“ಎಲ್ಲಿದೆ ಮಾಲ್ವಿನಾ ಕಲ್ಲಿದ್ದಲು?
ಗ್ಯಾಸ್ ಬಂತು, ಒಲೆ ಹೋಯಿತು,
ಗಣಿಗೇ ಬೀಗ ಬಿತ್ತು.
ಐದು ಕಿಲೋ ಆಲೂಗಡ್ಡೆ ಚೀಲ ಅನ್ನೋಣ.”

ಮಾತು ಸರಿಯೇ. ಆದರೆ ಚೀಲದ ಭಾರವೇ ಬೇರೆ.
ಬಕೆಟ್ಟು ಒಂದೇ ಕೈಯನ್ನು ಜಗ್ಗುತ್ತದೆ,
ಮೆಟ್ಟಿಲಿಗೆ ತಾಗಿ ಮೊಣಕಾಲಿಗೆ ಬಡಿಯುತ್ತದೆ.
ಪದ ಬದಲಾದ ದಿನವೇ
ಇಪ್ಪತ್ತು ವರ್ಷದ ಗೆರೆ ಅಲ್ಲಿಗೆ ಕಡಿಯಿತು;
ಸೋತದ್ದು ಮುದಿ ತೋಳೋ
ಸಡಿಲವಾದದ್ದು ನಮ್ಮ ವಾಕ್ಯವೋ
ಆಮೇಲೆ ಯಾರು ಹೇಳಬೇಕು?
ಜಗಳ ಮಧ್ಯಾಹ್ನದ ಬೀಟ್‌ರೂಟ್ ಸೂಪು ಆರುವ ತನಕ.
ಕೊನೆಗೆ ಎರಡನ್ನೂ ಇಟ್ಟುಕೊಂಡೆವು, ಈ ಒಂದು ಸುತ್ತಿಗೆ,
ಹಳೇ ಸೇತುವೆಯ ಪಕ್ಕ ಹೊಸದೆದ್ದಾಗ
ಕೆಲಕಾಲ ಎರಡರ ಮೇಲೂ ಜನ ನಡೆದಾಡುವಂತೆ.

ಪರೀಕ್ಷೆಗೆಂದು ನಾನೇ ಹೋದೆ
ಒಟಿಲಿಯಾ ಕೋಪಿಯೆಟ್ಸ್ ಮನೆಗೆ.
ಕೆಂಪಿಟ್ಟಿಗೆ, ಕೆಂಪು ಬಳಿದ ಕಿಟಕಿ ಚೌಕಟ್ಟು,
ಮೇಜಿನ ಕಾಲಿಗೆ ಮಡಿಸಿಟ್ಟ ರಟ್ಟು;
ನೆಲ ವಾರೆಯಾದ್ದರಿಂದ.

‘ಹೋದ ಸಲದ ಉತ್ತರವನ್ನು ನೆನಪಿಸಕೂಡದು.’
ನಾನೇ ಬರೆದ ನಿಯಮ.
ಹಾಗಾಗಿ ಕೇಳಿದೆ: ಮನೆಯಲ್ಲಿ ಎಷ್ಟು ಮಂದಿ?
(ಹೋದ ಸಲ ಇಬ್ಬರು.)
“ಒಬ್ಬಳೇ. ಪಾರಿವಾಳ ಸೇರಿದರೆ ಒಂಬತ್ತು.”
ಪಾರಿವಾಳ ಸೇರುವುದಿಲ್ಲ. ಒಂದು ಎಂದು ಬರೆದೆ.

ಮೂವತ್ತೊಂದು.
“ಬಕೆಟ್ಟೇ? ಅಲೋಯ್ಜಿ ಹೋದ ಮೇಲೆ
ಅದರಲ್ಲಿ ಜೆರೇನಿಯಂ ನೆಟ್ಟಿದ್ದೇನೆ.
ಹಿಮ ಬೀಳುವ ಮುಂಚೆ ಅಂಗಳದಿಂದ ಮೇಲಕ್ಕೆ ತರುತ್ತೇನೆ,
ಮೆಟ್ಟಿಲಿಗೊಮ್ಮೆ ಇಟ್ಟು, ಅದರ ಜೊತೆ ಮಾತಾಡಿ, ಮತ್ತೆ ಎತ್ತಿ.
ಇದು ಸುಲಭವೋ ಕಷ್ಟವೋ, ನೀವೇ ಹೇಳಿ.”
ಹೇಳಲು ನನಗೆ ಅಪ್ಪಣೆಯಿಲ್ಲ.
ಪ್ರಶ್ನೆಯನ್ನು ಇನ್ನೊಮ್ಮೆ ಓದಬಹುದು, ಅಷ್ಟೇ.
ಓದಿದೆ.

ಆಮೇಲೆ ಹತ್ತು ಪದ, ನಡುವೆ ಎರಡೆರಡು ಸೆಕೆಂಡು:
ಬೆಣ್ಣೆ. ಗಂಟೆ. ನರಿ. ಸುತ್ತಿಗೆ. ಹೀಗೆ.
ಐದು ನಿಮಿಷ ಬೇರೇನೋ ಕೇಳಿ, ಈಗ ನೆನಪಿದ್ದಷ್ಟು ಹೇಳಿ ಎಂದೆ.
ಆಕೆ ಕಣ್ಣು ಮುಚ್ಚಿದರು.
“ದೋಣಿ. ಉಪ್ಪು. ರಾಣಿ. ಏಣಿ. ಕಾಗದ.
ಕೊಡೆ.”
ಒಂದೂ ಇಂದಿನದಲ್ಲ.
ಆರೂ ನಾಲ್ಕು ವರ್ಷ ಹಿಂದಿನ ಪಟ್ಟಿಯವು.
“ಕೊಡೆ ನಾನು ಮರೆತಿದ್ದೆ. ಬೆನ್ನ ಹಿಂದೆ ನಿಂತು
ಪಿಸುಗುಟ್ಟಿದ್ದು ಅವರು. ನಿಮ್ಮ ಹುಡುಗಿ ಗದರಿದಳಲ್ಲ.”

‘ಪಟ್ಟಿಯಲ್ಲಿಲ್ಲದ ಪದಗಳನ್ನು ಎಣಿಸಕೂಡದು.’
ಇದೂ ನನ್ನದೇ ವಾಕ್ಯ.
ಸೊನ್ನೆ ಸುತ್ತಿದೆ. ತುಸು ನಿಧಾನವಾಗಿ ಸುತ್ತಿದೆ,
ಅದು ಯಾವ ಕಾಲಮ್ಮಿಗೂ ಬರುವುದಿಲ್ಲ.

ಇಳಿಯುವಾಗ ಮೆಟ್ಟಿಲ ಗೋಡೆಯ ಮೇಲೆ ಗಾಜಿನ ಪಟ್ಟಿ ಕಂಡಿತು,
ತಾರೀಖು ಅರ್ಧ ಅಳಿಸಿತ್ತು.
ಬೆರಳಿಂದ ಧೂಳು ಒರೆಸಿ ನೋಡಿದೆ:
ಗಾಜು ಇಡಿಯಾಗಿತ್ತು.
ಬಿರುಕು ಅದರ ಮಗ್ಗುಲಲ್ಲೇ ದಾರಿ ಮಾಡಿಕೊಂಡು
ಆಕೆಯ ಬಾಗಿಲ ತನಕ ಹತ್ತಿತ್ತು.